ಗಣಿ ಮುಚ್ಚಿದ ಮೇಲಿನ ನೀರು

1992ರ ಜನವರಿಯಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಕಾರ್ನನ್ ಹೊಳೆ ಕಾವಿಮಣ್ಣು ಕದಡಿದಂತೆ ಹರಿದು ಫಾಲ್ ಅಳಿವೆಯನ್ನು ಸೇರಿತು. ವ್ಹೀಲ್ ಜೇನ್ ಎಂಬ ತವರದ ಗಣಿ 1991ರಲ್ಲಿ ಮುಚ್ಚಿತ್ತು. ನೀರೆತ್ತುವ ಪಂಪುಗಳು ನಿಂತಿದ್ದವು. ಸುರಂಗಗಳಲ್ಲಿ ತುಂಬಿದ ಆಮ್ಲಜಲ ತಡೆಯೊಡೆದು ನುಗ್ಗಿದಾಗ ಕಬ್ಬಿಣ, ಸತು, ಕ್ಯಾಡ್ಮಿಯಂಗಳೂ ಹೊಳೆಗಿಳಿದವು. ಗಣಿ ನಡೆಯುತ್ತಿದ್ದಾಗಲ್ಲ, ಮುಚ್ಚಿದ ಮೇಲೆ ಇದು ಸಂಭವಿಸಿತೆಂಬುದು ಗಮನಾರ್ಹ.

ನೆಲದಾಳದ ಸಲ್ಫೈಡ್ ಅದಿರು, ಮುಖ್ಯವಾಗಿ ಪೈರೈಟ್, ಗಾಳಿ ನೀರುಗಳಿಗೆ ತೆರೆದುಕೊಂಡಾಗ ಗಂಧಕಾಮ್ಲ ಹುಟ್ಟುತ್ತದೆ. ಆ ಆಮ್ಲ ಉಳಿದ ಲೋಹಗಳನ್ನು ಕರಗಿಸಿಕೊಳ್ಳುತ್ತದೆ. ಇಂಥ ನೀರನ್ನು ಶುದ್ಧೀಕರಿಸಲಾಗದೆಂದು ವಾದಿಸುವುದು ಸರಿಯಲ್ಲ. ಅದರ ಕೀಲಿ ಕಾಲೇಜಿನ ಲವಣ ವಿಶ್ಲೇಷಣೆಯಲ್ಲೇ ಇದೆ. ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ (ನಾತಕ್ಕಿಂತ ಅದರ ವಿಷವೇ ಹೆಚ್ಚು ಅಪಾಯಕಾರಿ) ಒಂದು ದುರ್ಬಲ ಆಮ್ಲ. ನೀರಿನಲ್ಲಿ ಅದು ಎರಡು ಹಂತಗಳಲ್ಲಿ, ಎರಡನೆಯದರಲ್ಲಂತೂ ಅತ್ಯಲ್ಪವಾಗಿ, ವಿಯೋಜನೆಗೊಂಡು ಸಲ್ಫೈಡ್ ಅಯಾನುಗಳನ್ನು ಕೊಡುತ್ತದೆ. ಹೈಡ್ರೋಜನ್ ಅಯಾನುಗಳು ಹೆಚ್ಚಿದಷ್ಟೂ ಸಮತೋಲನ ಹಿಂದಕ್ಕೆ ಸರಿಯುತ್ತದೆ: ಕರಗಿದ ಅನಿಲ ಅಷ್ಟೇ ಇರುವಾಗ, ಆಮ್ಲೀಯ ನೀರಿನ ಪಿಎಚ್ ಒಂದು ಅಂಕ ಇಳಿದರೆ ಸಲ್ಫೈಡ್ ನೂರರಲ್ಲಿ ಒಂದು ಪಾಲಿಗೆ ಕುಸಿಯುತ್ತದೆ. ತಾಮ್ರಕ್ಕೆ ಅಷ್ಟೇ ಸಾಕು. ತೀವ್ರ ಆಮ್ಲದಲ್ಲೂ ಅದು ಕಪ್ಪು ಪ್ರಕ್ಷೇಪವಾಗಿ ತಳಕ್ಕಿಳಿಯುತ್ತದೆ. ಸತು ಇಳಿಯಬೇಕಾದರೆ ಆಮ್ಲೀಯತೆ ತಗ್ಗಬೇಕು. ಫೆರಸ್ ಕಬ್ಬಿಣಕ್ಕೆ ನೀರು ತಟಸ್ಥ ಸ್ಥಿತಿಯ ಸಮೀಪಕ್ಕೇ ಬರಬೇಕು. ಹೀಗೆ ಪಿಎಚ್ಚನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಲೋಹಗಳನ್ನು ಒಂದೊಂದಾಗಿ ಬೇರ್ಪಡಿಸಬಹುದು. ನೆದರ್‌ಲ್ಯಾಂಡ್ಸ್‌ನ ಬುಡೆಲ್ ಸತು ಕಾರ್ಖಾನೆಯಲ್ಲಿ 1990ರ ದಶಕದಲ್ಲಿ ಬ್ಯಾಕ್ಟೀರಿಯಾಗಳಿಂದ ಸಲ್ಫೇಟನ್ನು ಸಲ್ಫೈಡಾಗಿಸಿ, ಕಲುಷಿತ ಅಂತರ್ಜಲದ ಸತುವನ್ನು ಹಿಡಿದು ಮರಳಿ ಕುಲುಮೆಗೆ ಕಳಿಸಲಾಯಿತು. ಮೆಚ್ಚತಕ್ಕ ಕೆಲಸವೇ.

ಆದರೆ ಪ್ರನಾಳದ ಪ್ರಯೋಗ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಗಣಿಯ ನೀರು ಮುಗಿಯುವುದಿಲ್ಲ. ಪೈರೈಟ್ ಇರುವವರೆಗೂ ಪ್ರತಿ ಮಳೆಗೆ ಹೊಸ ಆಮ್ಲ ಹುಟ್ಟುತ್ತದೆ, ಪಿಎಚ್ ಮತ್ತೆ ಜಾರುತ್ತದೆ. ವ್ಹೀಲ್ ಜೇನ್‌ನಲ್ಲಿ 2000ದಿಂದ ಸುಣ್ಣ ಬೆರೆಸಿ ಲೋಹಗಳನ್ನು ಇಳಿಸುವ ಸ್ಥಾವರ ಸರ್ಕಾರದ ಹಣದಿಂದ ನಡೆದುಬಂದಿದೆ. ಲಾಭ ಗಣಿಯದು, ಸುಣ್ಣದ ಖರ್ಚು ಜನರದು.

ಮಲೆನಾಡಿನಲ್ಲಿ ಗಣಿ ಎಂದೊಡನೆ ನೆನಪಾಗುವುದು 2005ರ ಕೊನೆಗೆ ನಿಂತ ಕುದುರೆಮುಖ. ಅಲ್ಲಿನ ಅದಿರು ಮುಖ್ಯವಾಗಿ ಮ್ಯಾಗ್ನೆಟೈಟ್, ಅಂದರೆ ಆಕ್ಸೈಡ್. ಭದ್ರೆಯ ಜನ ಹೋರಾಡಿದ್ದು ಹೂಳಿನ ವಿರುದ್ಧ. ಆ ಅನುಭವವನ್ನೇ ಎಲ್ಲ ಗಣಿಗಳಿಗೂ ಅನ್ವಯಿಸಲಾಗದು. ತಾಮ್ರ, ಸತು, ಸೀಸದ ಅದಿರುಗಳು ಬಹುಪಾಲು ಸಲ್ಫೈಡುಗಳೇ. ಅವುಗಳ ನೀರು ಕನ್ನಡಿಯಂತೆ ತಿಳಿಯಾಗಿದ್ದೂ ವಿಷಪೂರಿತವಾಗಿರಬಲ್ಲದು. ಆದ್ದರಿಂದ ಅಹವಾಲು ಸಭೆಗಳಲ್ಲಿ ‘ತಂತ್ರಜ್ಞಾನವಿದೆ’ ಎಂಬ ಉತ್ತರಕ್ಕೆ ತಲೆದೂಗುವ ಮುನ್ನ ಊರವರು ಎರಡು ಸಂಗತಿಗಳನ್ನು ಲಿಖಿತವಾಗಿ ಕೇಳುವುದು ಲೇಸು: ತ್ಯಾಜ್ಯ ಶಿಲೆಯಲ್ಲಿರುವ ಗಂಧಕವೆಷ್ಟು? ಗಣಿ ಮುಚ್ಚಿದ ಮೂವತ್ತನೆಯ ಮಳೆಗಾಲದಲ್ಲಿ ಸುಣ್ಣದ ಲಾರಿಗೆ ಹಣ ಕೊಡುವವರಾರು, ಆ ಹಣವನ್ನು ಇಂದೇ ಎಲ್ಲಿ ಇಡಲಾಗಿದೆ?