ವೈಫೈ ಹೆಸರನ್ನು ಹೈಡ್ ಮಾಡಿದರೆ ಮನೆಯ ನೆಟ್‌ವರ್ಕ್ ಸುರಕ್ಷಿತವೇ?

ಕೆಳಗಿನ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದೆ, ಮಹಡಿ ಮೇಲಿನ ಕೋಣೆಗೆ ಸಿಗ್ನಲ್ ಬರುವುದಿಲ್ಲ. ಆಗ ಹಲವರು ಲ್ಯಾನ್ ಕೇಬಲ್ ಎಳೆದು, ಮೂಲೆಯಲ್ಲಿದ್ದ ಹಳೆಯ ರೂಟರನ್ನು ಮೇಲೆ ಆಕ್ಸೆಸ್ ಪಾಯಿಂಟ್ ಆಗಿ ಬಳಸುತ್ತಾರೆ. ಉಪಾಯ ಒಳ್ಳೆಯದೇ. ಆದರೆ ಜೊತೆಗೆ ‘ವೈಫೈ ಹೆಸರು ಹೈಡ್ ಮಾಡಿ, ಯಾರೂ ಕನೆಕ್ಟ್ ಆಗಲಾರರು’ ಎಂಬ ಸಲಹೆಯೂ ಓಡಾಡುತ್ತದೆ. ಇದು ನಿಜವೇ? ನೋಡೋಣ.

ಹೆಸರು ಹೈಡ್ ಮಾಡುವುದೆಂದರೆ ಮನೆಯ ನಾಮಫಲಕ ತೆಗೆದಂತೆ. ಬಾಗಿಲಿಗೆ ಬೀಗ ಬೀಳುವುದಿಲ್ಲ. ನಿಮ್ಮ ಫೋನ್ ಕನೆಕ್ಟ್ ಆಗುವಾಗ ಆ ಹೆಸರನ್ನು ಗುಟ್ಟಿಲ್ಲದೆ ಕಳುಹಿಸುತ್ತದೆ. ಉಚಿತ ಸಾಫ್ಟ್‌ವೇರ್‌ನಿಂದಲೇ ಅದನ್ನು ಹಿಡಿಯಬಹುದು.

ನಿಜವಾದ ಬೀಗ ಎನ್‌ಕ್ರಿಪ್ಷನ್. 1997ರ ಡಬ್ಲ್ಯುಇಪಿ ವಿಧಾನವನ್ನು ಭೇದಿಸಬಹುದೆಂದು 2001ರಲ್ಲೇ ಸಂಶೋಧಕರು ತೋರಿಸಿದರು. 2004ರಲ್ಲಿ ಡಬ್ಲ್ಯುಪಿಎ2, 2018ರಲ್ಲಿ ಡಬ್ಲ್ಯುಪಿಎ3 ಬಂದವು.

ಮುಖ್ಯ ರೂಟರ್‌ಗೆ ಗಟ್ಟಿ ಪಾಸ್‌ವರ್ಡ್ ಇದ್ದರೂ ಮೇಲಿನದಕ್ಕೆ ಇಲ್ಲದಿದ್ದರೆ ಪ್ರಯೋಜನವಿಲ್ಲ. ಎರಡೂ ಒಂದೇ ನೆಟ್‌ವರ್ಕ್ ಆದ್ದರಿಂದ, ಅಲ್ಲಿಂದ ನುಸುಳಿದವರು ನಿಮ್ಮ ಕಂಪ್ಯೂಟರ್, ಸಿಸಿಟಿವಿವರೆಗೂ ತಲುಪಬಹುದು. ಕೇಬಲ್ ಗೋಡೆಯೊಳಗೇ ಇರುತ್ತದೆ, ರೇಡಿಯೊ ತರಂಗ ಬೀದಿಗೂ ಹೋಗುತ್ತದೆ.

ಇದರಿಂದ ಆಗುವ ತೊಂದರೆ ಡೇಟಾ ಖಾಲಿಯಾಗುವುದಷ್ಟೇ ಅಲ್ಲ. 2008ರ ಅಹಮದಾಬಾದ್ ಸ್ಫೋಟಗಳಿಗೆ ಸ್ವಲ್ಪ ಮೊದಲು ಬಂದ ಬೆದರಿಕೆ ಇಮೇಲ್‌ನ ಜಾಡು ಹಿಡಿದ ಪೊಲೀಸರು, ನವಿ ಮುಂಬೈನಲ್ಲಿದ್ದ ಅಮೆರಿಕನ್ನರೊಬ್ಬರ ಮನೆಗೆ ತಲುಪಿದರು. ಅವರ ವೈಫೈಯನ್ನು ಬೇರೆಯವರು ದುರ್ಬಳಕೆ ಮಾಡಿದ್ದರು. ಐಪಿ ವಿಳಾಸ ತೋರಿಸುವುದು ಕನೆಕ್ಷನ್ ಯಾರದು ಎಂಬುದನ್ನು ಮಾತ್ರ. ವಿಚಾರಣೆ ಎದುರಿಸಬೇಕಾಗುವುದು ಅದರ ಮಾಲೀಕರೇ.

ಹಾಗಾದರೆ ಏನು ಮಾಡಬೇಕು?

• ಹಳೆಯ ರೂಟರನ್ನು ರೀಸೆಟ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ ಅಪ್‌ಡೇಟ್ ಮಾಡಿ.
• ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಅದರ ಐಪಿ ವಿಳಾಸವನ್ನು ಮುಖ್ಯ ರೂಟರ್‌ಗಿಂತ ಬೇರೆಯಾಗಿಸಿ, ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ಲ್ಯಾನ್ ಪೋರ್ಟ್‌ಗೆ ಹಾಕಿ.
• ಡಬ್ಲ್ಯುಪಿಎ3 ಅಥವಾ ಡಬ್ಲ್ಯುಪಿಎ2-ಎಇಎಸ್ ಆರಿಸಿ. ಎರಡೂ ಇಲ್ಲದ ರೂಟರನ್ನು ವೈಫೈಗೆ ಬಳಸಬೇಡಿ.
• ಉದ್ದನೆಯ ಪಾಸ್‌ವರ್ಡ್ ಇಡಿ. ಮೊಬೈಲ್ ನಂಬರ್ ಬೇಡ. ಬರೀ 10 ಅಂಕಿಗಳನ್ನು ಕಂಪ್ಯೂಟರ್ ಬೇಗ ಊಹಿಸಬಲ್ಲದು.
• ಡಬ್ಲ್ಯುಪಿಎಸ್ ಆಫ್ ಮಾಡಿ. ಅದರ ಪಿನ್ ವ್ಯವಸ್ಥೆಯ ದೋಷ 2011ರಲ್ಲೇ ಬಯಲಾಗಿದೆ.

ಒಟ್ಟಿನಲ್ಲಿ, ಹೆಸರು ಹೈಡ್ ಮಾಡಿದರೆ ಸಾಕು ಎಂಬುದು ತಪ್ಪು ಕಲ್ಪನೆ. ಆ ಸಂದೇಶ ಫಾರ್ವರ್ಡ್ ಮಾಡುವ ಮೊದಲು ನಿಮ್ಮ ಮನೆಯ ಎರಡನೇ ರೂಟರ್‌ನ ಸೆಟ್ಟಿಂಗ್ಸ್ ಒಮ್ಮೆ ತೆರೆದು ನೋಡಿ.