ಕೊನೆಯ ಬೆಂಚಿನ ಹುಡುಗ

“ಮಕ್ಕಳ ಕಿವಿ ಸೋರುವುದು ಸಾಮಾನ್ಯ, ದೊಡ್ಡವರಾದ ಮೇಲೆ ತಾನೇ ನಿಲ್ಲುತ್ತದೆ.” ಹೊಳಲ್ಕೆರೆ, ಹಿರಿಯೂರು ಸೀಮೆಯ ಹಳ್ಳಿಗಳಲ್ಲಿ ಪಾಠ ಹೇಳಿದಷ್ಟು ಕಾಲವೂ ನಾನು ಕೇಳಿದ ಮಾತಿದು. ಇದು ಸುಳ್ಳು, ಮಕ್ಕಳ ಭವಿಷ್ಯವನ್ನೇ ಕಸಿಯುವ ಸುಳ್ಳು.

ನನ್ನ ತರಗತಿಯಲ್ಲಿ ಅಂಥ ಹುಡುಗನೊಬ್ಬನಿದ್ದ. ಕೀವಿನ ವಾಸನೆಯೆಂದು ಉಳಿದವರು ದೂರಿದಾಗ ಅವನನ್ನು ಕೊನೆಯ ಬೆಂಚಿಗೆ ಕಳುಹಿಸಿದವನು ನಾನೇ. ಅಲ್ಲಿಗೆ ಪಾಠ ಕೇಳಿಸದೆ ಉಕ್ತಲೇಖನದಲ್ಲಿ ತಪ್ಪಿದಾಗ ದಡ್ಡನೆಂದು ಗದರಿದವನೂ ನಾನೇ. ದಡ್ಡ ಯಾರೆಂಬುದು ನನಗೆ ತಿಳಿದದ್ದು ತಡವಾಗಿ.

ಮೂಗಿನ ಹಿಂಬದಿಯಿಂದ ಮಧ್ಯಕಿವಿಗೆ ಹೋಗುವ ನಾಳ ಎಳೆಯರಲ್ಲಿ ಗಿಡ್ಡ, ಅಡ್ಡಡ್ಡ. ನೆಗಡಿಯ ಸೋಂಕು ಆ ದಾರಿಯಲ್ಲೇ ಒಳಸೇರುತ್ತದೆ. ಕೀವು ತುಂಬಿ ಕಿವಿಯ ತಮಟೆ ತೂತಾಗುತ್ತದೆ. ಅದರ ಮೇಲೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಸುರಿದರೆ ಗುಣವಾಗುವುದೆಂತು? ಹಸುಗೂಸಿಗೆ ಎದೆಹಾಲು ಕೊಡಿ; ಬಾಟಲಿ ಹಾಲನ್ನು ಮಲಗಿಸಿ ಕುಡಿಸಬೇಡಿ. ಬೀಡಿಯ, ಒಲೆಯ ಹೊಗೆಯಿಂದ ದೂರವಿಡಿ. ಲಸಿಕೆ ತಪ್ಪಿಸಬೇಡಿ, ಕಿವಿಯ ಸೋಂಕಿಗೂ ಕಾರಣವಾಗುವ ನ್ಯುಮೋಕಾಕಸ್ ವಿರುದ್ಧದ ಲಸಿಕೆ 2021ರಿಂದ ದೇಶದಾದ್ಯಂತ ಉಚಿತ. ಸೋರುವ ಕಿವಿಯ ಮಗು ಬಾವಿಗೆ ಧುಮುಕಬಾರದು. ಸ್ನಾನದಲ್ಲಿ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗೆ ಇಡಿ.

ದೊಡ್ಡವರೇನು ಕಡಿಮೆಯೇ? ಹೇರ್‌ಪಿನ್ನು, ಬೆಂಕಿಕಡ್ಡಿ, ಬೈಕಿನ ಕೀಲಿ ಎಲ್ಲವೂ ಕಿವಿಯೊಳಗೆ! ಗುಗ್ಗೆ ಕೊಳೆಯಲ್ಲ, ಕಾವಲು. ಸಾಮಾನ್ಯವಾಗಿ ಅದು ತಾನೇ ಹೊರಬರುತ್ತದೆ. ಕಡ್ಡಿಯ ಗೀರಿನಿಂದಲೇ ಸೋಂಕಿಗೆ ಬಾಗಿಲು ತೆರೆಯುತ್ತದೆ. ಕಪಾಳಕ್ಕೆ ಹೊಡೆದರೂ ತಮಟೆ ಹರಿಯಬಹುದು. ಶಾಲೆಯಲ್ಲಿ ಹೊಡೆತವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮನೆಯಲ್ಲಿ ನಿಷೇಧಿಸಬೇಕಾದವರು ನೀವು.

“ಕೂಲಿ ಬಿಟ್ಟು ಆಸ್ಪತ್ರೆಗೆ ಅಲೆಯುವುದು ಹೇಗೆ, ಮೇಷ್ಟ್ರೇ?” ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ಆದರೆ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಕಿವಿಯ ಸೋಂಕೂ ಇದೆ. ತಂಡ ಅಂಗನವಾಡಿಗೆ, ಶಾಲೆಗೆ ಬಂದಾಗ “ಇವನ ಕಿವಿ ನೋಡಿ” ಎಂದು ಪಟ್ಟು ಹಿಡಿಯಿರಿ. ಎರಡು ವಾರ ಮೀರಿ ಸೋರಿದರೆ, ಕಿವಿಯ ಹಿಂದೆ ಬಾವು ಬಂದರೆ, ತಲೆಸುತ್ತಿದರೆ ತಂಡಕ್ಕೂ ಕಾಯಬೇಡಿ; ಸೋಂಕು ಮೆದುಳಿಗೂ ಹರಡಬಲ್ಲದು.

ಮಕ್ಕಳ ಶ್ರವಣದೋಷದಲ್ಲಿ ಶೇಕಡಾ 60ರಷ್ಟು ತಡೆಯಬಹುದಾದದ್ದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಅದು ವಿಧಿಯಲ್ಲ, ನಮ್ಮ ಉದಾಸೀನ. ನನ್ನ ಶಿಷ್ಯರಲ್ಲಿ ಇಂದು ಶಿಕ್ಷಕರಾಗಿರುವವರೇ, ನಾಳೆ ಬೆಳಿಗ್ಗೆ ಕೊನೆಯ ಬೆಂಚಿನ ಮಗುವನ್ನು ಮೊದಲ ಬೆಂಚಿಗೆ ಕರೆಯಿರಿ. ನಾನು ಮಾಡದೇ ಹೋದ ಕೆಲಸವದು.