ವಾಲಿಯ ಮಾತು ಕೇಳಿದ ಊರಿನಲ್ಲಿ

2021ರ ಅಕ್ಟೋಬರಿನಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು ತನ್ನ ಬೀರಿ ಕ್ಯಾಂಪಸ್ಸಿನ ಉದ್ಯಾನಕ್ಕೆ ಫಾದರ್ ಸ್ಟ್ಯಾನ್ ಸ್ವಾಮಿ ಅವರ ಹೆಸರಿಡಲು ಹೊರಟಿತ್ತು. ವಿಶ್ವ ಹಿಂದೂ ಪರಿಷತ್ ಮತ್ತು ಬಜರಂಗದಳ ವಿರೋಧಿಸಿದವು. ಕಾಲೇಜು ಕಾರ್ಯಕ್ರಮವನ್ನು ಮುಂದೂಡಿತು. ಇದಕ್ಕೆ ನ್ಯಾಯಾಲಯದ ತಡೆಯಾಜ್ಞೆ ಬೇಕಾಗಲಿಲ್ಲ, ಸರ್ಕಾರದ ಆದೇಶವೂ ಬೇಕಾಗಲಿಲ್ಲ. 1880ರಲ್ಲಿ ಶುರುವಾದ, ಲೈಟ್‌ಹೌಸ್ ಗುಡ್ಡದ ಮೇಲೆ ನಿಂತಿರುವ, ಈ ಜಿಲ್ಲೆಯ ಎಷ್ಟೋ ತಲೆಮಾರುಗಳಿಗೆ ವಿದ್ಯೆ ಕೊಟ್ಟ ಸಂಸ್ಥೆಯನ್ನು ಹಿಂದೆ ಸರಿಸಲು ಹೊರಗಿನವರ ಎಚ್ಚರಿಕೆಯ ಮಾತು ಸಾಕಾಯಿತು.

ಸ್ಟ್ಯಾನ್ ಸ್ವಾಮಿ ಜೆಸ್ವಿಟ್ ಪಾದ್ರಿ. ಕಾಲೇಜನ್ನು ನಡೆಸುವವರೂ ಜೆಸ್ವಿಟರೇ. ಜಾರ್ಖಂಡಿನ ಆದಿವಾಸಿಗಳ ನಡುವೆ ದುಡಿದ ಅವರನ್ನು ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಅಡಿ 2020ರ ಅಕ್ಟೋಬರ್ 8ರಂದು ಬಂಧಿಸಲಾಯಿತು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಆ ಮುದುಕರು ನೀರು ಕುಡಿಯಲು ಸ್ಟ್ರಾ, ಸಿಪ್ಪರ್‌ಗಾಗಿ ನ್ಯಾಯಾಲಯದ ಮೊರೆ ಹೋಗಬೇಕಾಯಿತು. 2021ರ ಜುಲೈ 5ರಂದು, 84ನೇ ವಯಸ್ಸಿನಲ್ಲಿ, ವಿಚಾರಣಾಧೀನ ಕೈದಿಯಾಗಿಯೇ ಮುಂಬೈಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರ ಮೇಲಿನ ಆರೋಪ ಸಾಬೀತಾಗಲಿಲ್ಲ, ವಿಚಾರಣೆಯೇ ಶುರುವಾಗಿರಲಿಲ್ಲ. ಇಂಥ ಗಂಭೀರ ಆರೋಪ ಹೊತ್ತವರ ಹೆಸರನ್ನು ವಿದ್ಯಾಸಂಸ್ಥೆ ಇಡಬಾರದು ಎನ್ನುವವರಿಗೆ ಹಾಗೆನ್ನುವ ಪೂರ್ಣ ಹಕ್ಕಿದೆ. ತಪ್ಪಿತಸ್ಥನೆಂದು ಯಾರೂ ತೀರ್ಪು ಕೊಡದ ತಮ್ಮ ಸಹೋದರನನ್ನು ನೆನೆಯುವ ಹಕ್ಕು ಆ ಪಾದ್ರಿಗಳಿಗೂ ಇದೆ. ಈ ಎರಡು ವಾದಗಳನ್ನು ಎದುರುಬದುರು ಕೂರಿಸಿ ವಿದ್ಯಾರ್ಥಿಗಳ ಮುಂದೆ ಚರ್ಚೆಗಿಡಲು ಕಾಲೇಜಿಗಿಂತ ಯೋಗ್ಯ ಜಾಗ ಯಾವುದಿದೆ? ಆ ಚರ್ಚೆ ನಡೆಯಲಿಲ್ಲ. ಒಂದು ಪಕ್ಷ ಗದರಿತು, ಇನ್ನೊಂದು ಸುಮ್ಮನಾಯಿತು. ನಾಲ್ಕು ವರ್ಷಗಳ ನಂತರ, 2025ರ ಆಗಸ್ಟಿನಲ್ಲಿ, ಮುಂಬೈಯ ಸೇಂಟ್ ಕ್ಸೇವಿಯರ್ಸ್ ಕಾಲೇಜು ವಿದ್ಯಾರ್ಥಿ ಸಂಘಟನೆ ಎಬಿವಿಪಿಯ ಆಕ್ಷೇಪದ ಬೆನ್ನಿಗೆ ಸ್ಟ್ಯಾನ್ ಸ್ವಾಮಿ ಸ್ಮಾರಕ ಉಪನ್ಯಾಸವನ್ನು ರದ್ದುಮಾಡಿತು. ಆ ಉಪನ್ಯಾಸದ ವಿಷಯ ಹೊಟ್ಟೆಪಾಡಿಗಾಗಿ ಜನ ವಲಸೆ ಹೋಗುವುದು.

ಮಂಗಳೂರಿನ ಕ್ಯಾಂಪಸ್‌ಗಳಿಗೆ ಈ ರೋಗ ಹೊಸದಲ್ಲ. 2017ರಲ್ಲಿ ಬರಗೂರು ರಾಮಚಂದ್ರಪ್ಪನವರ ‘ಯುದ್ಧ: ಒಂದು ಉದ್ಯಮ’ ಎಂಬ ಬರಹ ಮಂಗಳೂರು ವಿಶ್ವವಿದ್ಯಾನಿಲಯದ ಪದವಿ ಕನ್ನಡ ಪಠ್ಯದಲ್ಲಿತ್ತು. ಸೈನಿಕರಿಗೆ ಅವಮಾನವಾಗಿದೆ ಎಂದು ಆಕ್ಷೇಪ ಎದ್ದಿತು. ವಿಶ್ವವಿದ್ಯಾನಿಲಯ ಪಾಠವನ್ನು ಹಿಂತೆಗೆದುಕೊಂಡಿತು. ಯುದ್ಧದಿಂದ ಲಾಭ ಮಾಡಿಕೊಳ್ಳುವವರು ಯಾರು ಎಂದು ಪದವಿ ವಿದ್ಯಾರ್ಥಿ ಓದಬಾರದೆ? ಬರಹ ಒಪ್ಪಿಗೆಯಾಗದಿದ್ದರೆ ಅದರ ಜೊತೆಗೆ ನಿವೃತ್ತ ಸೈನಿಕರೊಬ್ಬರ ಬರಹವನ್ನೂ ಓದಿಸಬಹುದಿತ್ತು. ಅಧ್ಯಾಪಕರಿಗೆ ಅದಕ್ಕಿಂತ ಒಳ್ಳೆಯ ತರಗತಿ ಸಿಗುತ್ತಿರಲಿಲ್ಲ.

ಒತ್ತಡ ಒಂದೇ ದಿಕ್ಕಿನಿಂದ ಬರುತ್ತದೆ ಎಂದುಕೊಳ್ಳುವುದೂ ತಪ್ಪು. 2022ರ ಡಿಸೆಂಬರಿನಲ್ಲಿ ವಾಮಂಜೂರಿನ ಸಂತ ಜೋಸೆಫ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ವರು ಹುಡುಗರು ಬುರ್ಖಾ ತೊಟ್ಟು ಸಿನಿಮಾ ಹಾಡಿಗೆ ಕುಣಿದರು. ವಿಡಿಯೊ ಹರಡಿತು, ಟೀಕೆ ಎದ್ದಿತು, ಹುಡುಗರು ಅಮಾನತಾದರು. ಅವರು ಮುಸ್ಲಿಂ ವಿದ್ಯಾರ್ಥಿಗಳೇ ಎಂದು ಕಾಲೇಜೇ ಹೇಳಿತ್ತು. ಆ ಕುಣಿತ ಕೆಟ್ಟ ಅಭಿರುಚಿಯದ್ದಿರಬಹುದು. ಅದನ್ನು ಕರೆದು ಹೇಳಿ ತಿದ್ದುವುದು ಗುರುಗಳ ಕೆಲಸ. ಹುಡುಗಾಟಕ್ಕೆ ಅಮಾನತಿನ ಶಿಕ್ಷೆ ಕೊಟ್ಟರೆ ಉಳಿದ ಮಕ್ಕಳು ಕಲಿಯುವುದೇನು? ವೇದಿಕೆಯಿಂದ ದೂರ ಇರುವುದನ್ನು.

ಅದೇ ವರ್ಷದ ಜೂನ್‌ನಲ್ಲಿ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿನ ತರಗತಿಯೊಂದರಲ್ಲಿ ಕೆಲವು ವಿದ್ಯಾರ್ಥಿಗಳು ಸಾವರ್ಕರ್ ಭಾವಚಿತ್ರ ಹಾಕಿದರು, ಕಾಲೇಜು ಅದನ್ನು ತೆಗೆಸಿತು. ತೆಗೆಸಿದ್ದು ಸರಿ. ತರಗತಿಯ ಗೋಡೆ ಎಲ್ಲರದ್ದು, ಕೇಳದೆ ಅಲ್ಲಿ ಯಾರ ಪಟವನ್ನೂ ತೂಗಿಸಲಾಗದು. ಆದರೆ ಕಾಲೇಜಿನ ಕೆಲಸ ಅಷ್ಟಕ್ಕೇ ಮುಗಿಯಬಾರದಿತ್ತು. ಸಾವರ್ಕರ್ ಬಗ್ಗೆ ಅಭಿಮಾನವಿರುವ ಹುಡುಗನಿಗೆ ಮೈಕು ಕೊಟ್ಟು, ಅವರ ಅಂಡಮಾನಿನ ಸೆರೆವಾಸವನ್ನೂ ಬ್ರಿಟಿಷರಿಗೆ ಬರೆದ ಕ್ಷಮಾಪಣೆಯ ಅರ್ಜಿಗಳನ್ನೂ ಹಿಂದುತ್ವದ ವಾದವನ್ನೂ ಒಂದೇ ಸಭೆಯಲ್ಲಿ ಚರ್ಚೆಗೆ ತರಬೇಕಿತ್ತು. ಸ್ಟ್ಯಾನ್ ಸ್ವಾಮಿ ಬಗ್ಗೆ ಮಾತಾಡಲು ಬಿಡಿ ಎನ್ನುವ ನಾನು ಸಾವರ್ಕರ್ ಬಗ್ಗೆ ಮಾತಾಡಲೂ ಬಿಡಿ ಎನ್ನದಿದ್ದರೆ ನನ್ನ ವಾದಕ್ಕೆ ಬೆಲೆಯಿಲ್ಲ.

ವಾಕ್‌ಸ್ವಾತಂತ್ರ್ಯ ಎಂಬುದೆಲ್ಲ ಪಶ್ಚಿಮದಿಂದ ತಂದ ಸರಕು, ನಮ್ಮ ಮಣ್ಣಿಗೆ ಒಗ್ಗುವುದಿಲ್ಲ ಎಂದು ಕರಾವಳಿಯಲ್ಲಿ ಹೇಳುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಇದು ತಾಳಮದ್ದಳೆಯ ಸೀಮೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಚೆಂಡೆ ಮದ್ದಳೆ, ಎದುರುಬದುರು ಕುಳಿತ ಅರ್ಥಧಾರಿಗಳ ಮಾತು, ಅಷ್ಟೇ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನೇ ಪ್ರಶ್ನಿಸುತ್ತಾನೆ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ನಾನು ನಿನಗೇನು ಅನ್ಯಾಯ ಮಾಡಿದ್ದೆ? ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ಆ ಅರ್ಥಗಾರಿಕೆಯನ್ನು ಇಂದಿಗೂ ಹೇಳಿಕೊಂಡು ಸಂತೋಷಪಡುತ್ತಾರೆ. ರಾಮನಿಗೆ ಕೈಮುಗಿಯುವ ಜನ ದೇವಸ್ಥಾನದ ಅಂಗಳದಲ್ಲಿ ಕುಳಿತು ರಾಮನ ಮೇಲಿನ ಆಕ್ಷೇಪವನ್ನು ಇರುಳಿಡೀ ಆಲಿಸಿದರು, ಪಟ್ಟು ಚೆನ್ನಾಗಿದ್ದರೆ ತಲೆದೂಗಿದರು. ಹಾಗೆ ಕೇಳಿದ್ದರಿಂದ ಯಾರ ಭಕ್ತಿಯೂ ಕುಗ್ಗಲಿಲ್ಲ. ವಾಲಿಯ ಅರ್ಥಧಾರಿ ಸಪ್ಪೆಯಾದರೆ ರಾಮನ ಅರ್ಥವೂ ಏಳುವುದಿಲ್ಲ ಎಂಬುದು ತಾಳಮದ್ದಳೆ ಬಲ್ಲ ಎಲ್ಲರಿಗೂ ಗೊತ್ತು. ಎದುರು ಕುಳಿತವನ ಮಾತಿಗೆ ಮಾತಿನಲ್ಲೇ ಉತ್ತರ ಕೊಡಬೇಕು ಎಂಬ ಶಿಸ್ತನ್ನು ಓದುಬರಹ ಬಾರದ ನಮ್ಮ ಅಜ್ಜಂದಿರು ಪಾಲಿಸಿದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದದ್ದೂ ಇದೇ ಊರಿನಿಂದ. ಇಂಥ ನೆಲದ ಕಾಲೇಜುಗಳು ಒಂದು ಪಾಠಕ್ಕೆ, ಒಂದು ನಾಮಫಲಕಕ್ಕೆ ಹೆದರುವುದನ್ನು ಒಪ್ಪಿಕೊಳ್ಳಲು ನನಗೆ ಸಾಧ್ಯವಿಲ್ಲ.

ಪ್ರಾಂಶುಪಾಲರ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಈ ಜಿಲ್ಲೆಯಲ್ಲಿ ಮಾತು ಕತ್ತಿಯಾಗಲು ಹೆಚ್ಚು ಹೊತ್ತು ಬೇಕಾಗಿಲ್ಲ. 2019ರ ಡಿಸೆಂಬರ್ 19ರಂದು ಪೌರತ್ವ ತಿದ್ದುಪಡಿ ಕಾಯ್ದೆ ವಿರೋಧಿ ಪ್ರತಿಭಟನೆಯ ವೇಳೆ ಪೊಲೀಸರ ಗೋಲಿಬಾರಿನಲ್ಲಿ ಇಬ್ಬರು ಸತ್ತರು. 2025ರ ಮೇ ತಿಂಗಳೊಂದರಲ್ಲೇ ನಡೆದ ಕೊಲೆಗಳು ಊರನ್ನು ನಡುಗಿಸಿದವು, ಕೋಮು ಹಿಂಸೆ ತಡೆಯಲು ಸರ್ಕಾರ ವಿಶೇಷ ಕಾರ್ಯಪಡೆಯನ್ನೇ ಕಟ್ಟಬೇಕಾಯಿತು. ನಾಳೆ ಗೇಟಿನ ಹೊರಗೆ ಗುಂಪು ಸೇರಿ ಒಂದು ಮಗುವಿಗೆ ಕಲ್ಲು ತಗುಲಿದರೆ ಹೊಣೆ ಯಾರು ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹೊಣೆ ಕಲ್ಲೆಸೆದವನದ್ದು, ಅವನನ್ನು ತಡೆಯದ ಪೊಲೀಸರದ್ದು. ಮಾತಾಡಿದವನದ್ದಲ್ಲ. ಇನ್ನೊಬ್ಬರ ಮೇಲೆ ಕೈಮಾಡಿ ಎಂದು ಕರೆಕೊಡುವ ಮಾತು ಅಪರಾಧ, ಅದಕ್ಕೆ ಯಾವ ಕ್ಯಾಂಪಸ್ಸಿನಲ್ಲೂ ಜಾಗವಿಲ್ಲ. ಆದರೆ ಒಬ್ಬರ ಮನಸ್ಸಿಗೆ ಹಿಡಿಸದ ಮಾತು ಬೇರೆ, ಹಿಂಸೆಗೆ ಕರೆಯುವ ಮಾತು ಬೇರೆ. ಈ ಗೆರೆಯನ್ನು ಅಳಿಸಿಹಾಕಿದವರು ಪ್ರತಿ ಸಾರಿಯೂ ಗದ್ದಲ ಮಾಡುವವನಿಗೇ ಬಹುಮಾನ ಕೊಡುತ್ತಾರೆ, ಅವನು ಮುಂದಿನ ಸಾರಿ ಇನ್ನಷ್ಟು ಜನರನ್ನು ಕರೆತರುತ್ತಾನೆ.

ಸುಪ್ರೀಂ ಕೋರ್ಟು ಇದನ್ನು 1989ರಲ್ಲೇ ಸ್ಪಷ್ಟಪಡಿಸಿದೆ. ಮೀಸಲಾತಿಯನ್ನು ಟೀಕಿಸಿದ ‘ಒರೇ ಒರು ಗ್ರಾಮತ್ತಿಲೆ’ ಎಂಬ ತಮಿಳು ಚಿತ್ರದ ಪ್ರಕರಣವದು. ಪ್ರತಿಭಟನೆ, ಹಿಂಸೆಯ ಬೆದರಿಕೆ ಇದೆಯೆಂದು ಅಭಿವ್ಯಕ್ತಿಯನ್ನು ಅಡಗಿಸಲಾಗದು, ಹಾಗೆ ಮಾಡುವುದು ಬೆದರಿಸುವವರಿಗೆ ಶರಣಾದಂತೆ, ರಕ್ಷಣೆ ಕೊಡುವುದು ಸರ್ಕಾರದ ಕರ್ತವ್ಯ ಎಂದು ನ್ಯಾಯಾಲಯ ಹೇಳಿತು. ಅದಕ್ಕೂ ಮೂರು ವರ್ಷ ಮೊದಲು, ರಾಷ್ಟ್ರಗೀತೆಗೆ ಎದ್ದು ನಿಂತರೂ ಧಾರ್ಮಿಕ ನಂಬಿಕೆಯ ಕಾರಣಕ್ಕೆ ಹಾಡದಿದ್ದ ಕೇರಳದ ಮೂವರು ಮಕ್ಕಳನ್ನು ಹೊರಹಾಕಿದ ಶಾಲೆಗೆ ಅದೇ ನ್ಯಾಯಾಲಯ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಲು ಹೇಳಿತ್ತು. ಖಾಸಗಿ ಕಾಲೇಜಿನ ವೇದಿಕೆ ಯಾರಿಗೆ ಎಂಬುದನ್ನು ಆಡಳಿತ ಮಂಡಳಿಯೇ ತೀರ್ಮಾನಿಸಬಹುದು ಎಂಬುದು ನಿಜ. ಆ ತೀರ್ಮಾನವನ್ನು ಮಂಡಳಿ ಮಾಡುತ್ತಿಲ್ಲ, ಗೇಟಿನ ಹೊರಗೆ ನಿಂತವರು ಮಾಡುತ್ತಿದ್ದಾರೆ ಎಂಬುದೇ ನನ್ನ ತಕರಾರು.

ಸರ್ಕಾರದ ಬಣ್ಣ ಬದಲಾದರೆ ಎಲ್ಲ ಸರಿಹೋಗುತ್ತದೆಂಬ ಭರವಸೆಯೂ ನನಗಿಲ್ಲ. 2021ರಲ್ಲಿ ರಾಜ್ಯದಲ್ಲಿ ಬಿಜೆಪಿ ಆಡಳಿತವಿತ್ತು, ಈಗ ಕಾಂಗ್ರೆಸ್ ಇದೆ. ಈ ಸರ್ಕಾರ 2025ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆ ಮಸೂದೆಗೆ ಒಪ್ಪಿಗೆ ಪಡೆಯಿತು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಮಾತನ್ನು ಶಿಕ್ಷಿಸುವ ಕಾನೂನಿನ ಹಿಡಿ ಇಂದು ಒಬ್ಬರ ಕೈಯಲ್ಲಿದ್ದರೆ ನಾಳೆ ಇನ್ನೊಬ್ಬರ ಕೈಗೆ ಹೋಗುತ್ತದೆ. ಬೀದರಿನ ಶಾಲೆಯೊಂದರಲ್ಲಿ 2020ರಲ್ಲಿ ಮಕ್ಕಳು ಆಡಿದ ನಾಟಕಕ್ಕೆ ದೇಶದ್ರೋಹದ ಮೊಕದ್ದಮೆ ಬಿತ್ತು. ಹೈಕೋರ್ಟ್ ಅದನ್ನು ರದ್ದುಮಾಡಿದ್ದು 2023ರಲ್ಲಿ. ಅಷ್ಟರೊಳಗೆ ಪೊಲೀಸರು ಪುಟ್ಟ ಮಕ್ಕಳನ್ನು ಕೂರಿಸಿ ಪ್ರಶ್ನಿಸಿದ್ದಾಗಿತ್ತು.

ವಿದ್ಯಾರ್ಥಿಗಳ ದನಿಯೇ ಇಲ್ಲಿ ಕೇಳಿಸುವುದಿಲ್ಲ. 1980ರ ದಶಕದ ಕೊನೆಗೆ ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆ ನಿಂತುಹೋಯಿತು. ಕಾರ್ಯಕ್ರಮ ರದ್ದಾದಾಗ ಪ್ರಾಂಶುಪಾಲರ ಕೊಠಡಿಗೆ ಹೋಗಿ ‘ಯಾಕೆ ಸರ್?’ ಎಂದು ಕೇಳಲು ಹುಡುಗರು ತಾವೇ ಆರಿಸಿದ ಪ್ರತಿನಿಧಿ ಇಲ್ಲ. ಹೊರಗಿನ ಸಂಘಟನೆಗಳ ಶಾಖೆಗಳು ಆ ಖಾಲಿ ಜಾಗವನ್ನು ತುಂಬಿವೆ. ಗಾಂಧೀಜಿಯ ಅಸಹಕಾರದ ಕರೆಗೆ ಶಿವರಾಮ ಕಾರಂತರು ಓದು ಬಿಟ್ಟು ಹೊರಟದ್ದು ಇದೇ ಊರಿನ ಸರ್ಕಾರಿ ಕಾಲೇಜಿನಿಂದ. ವಿದ್ಯಾರ್ಥಿಗೆ ರಾಜಕೀಯ ಬೇಡ ಎನ್ನುವವರು ಇದನ್ನು ಸ್ವಲ್ಪ ನೆನೆಯಲಿ. ಚುನಾವಣೆ ಮರಳಿ ಬರಬೇಕು, ಹಣಬಲ ತೋಳ್ಬಲಕ್ಕೆ ಕಡಿವಾಣ ಹಾಕುವ ನಿಯಮಗಳ ಜೊತೆಗೇ ಬರಬೇಕು.

ಮಂಗಳೂರಿನ ಪ್ರತಿ ಕಾಲೇಜೂ ಒಂದು ಪುಟದ ನಿಯಮವನ್ನು ಬರೆದು ಸೂಚನಾ ಫಲಕಕ್ಕೆ ಹಾಕಲಿ: ಒಮ್ಮೆ ಒಪ್ಪಿದ ಕಾರ್ಯಕ್ರಮವನ್ನು ಹೊರಗಿನವರ ಬೆದರಿಕೆಗೆ ರದ್ದು ಮಾಡುವುದಿಲ್ಲ, ಬೆದರಿಕೆ ಬಂದರೆ ಅಂದೇ ಪೊಲೀಸ್ ದೂರು ಕೊಡುತ್ತೇವೆ, ಆಕ್ಷೇಪವಿರುವ ವಿದ್ಯಾರ್ಥಿಗಳಿಗೆ ಅದೇ ಸಭಾಂಗಣದಲ್ಲಿ ಅಷ್ಟೇ ಹೊತ್ತು ಕೊಡುತ್ತೇವೆ. ಇದನ್ನು ಒತ್ತಾಯಿಸುವ ಶಕ್ತಿ ಹಳೆ ವಿದ್ಯಾರ್ಥಿಗಳಿಗಿದೆ. ಮುಂಬೈಯಲ್ಲಿ, ಗಲ್ಫ್‌ನಲ್ಲಿ ಸಂಘ ಕಟ್ಟಿಕೊಂಡು ಕಟ್ಟಡಕ್ಕೆ, ಗ್ರಂಥಾಲಯಕ್ಕೆ ದೇಣಿಗೆ ಕೊಡುವವರು ನೀವೇ. ನೀವು ಓದಿದ ಕಾಲೇಜಿನ ಪ್ರಾಂಶುಪಾಲರಿಗೆ ಈ ವಾರವೇ ಪತ್ರ ಬರೆಯಿರಿ, ಆ ನಿಯಮ ನಿಮ್ಮಲ್ಲಿ ಇದೆಯೇ ಎಂದು ಕೇಳಿ. ಮುಂದಿನ ದೇಣಿಗೆಯ ಚೆಕ್ ಬರೆಯುವ ಮುನ್ನ ಉತ್ತರ ಬರಲಿ.